ಕೆ ಇಂದ ಶುರುವಾಗುವ ಐದಕ್ಷರದ ಇಂಗ್ಲಿಷ್ ಪದಗಳನ್ನು ಹುಡುಕುವ ಬಗೆ

ಕೆ ಇಂದ ಶುರುವಾಗುವ ಐದಕ್ಷರದ ಇಂಗ್ಲಿಷ್ ಪದ ಹೇಳಿ ಅಂದರೆ ಕನ್ನಡದವರಿಗೆ ಥಟ್ಟನೆ ಹೊಳೆಯುವುದು ಕೋಚ್, ಕ್ಲೀನ್, ಕ್ರೌನ್, ಕ್ವೀನ್. ನಾಲ್ಕೂ ಐದಕ್ಷರದವೇ ನಿಜ, ಆದರೆ ಮೊದಲ ಮೂರು ಸಿ ಪದಗಳು, ಕೊನೆಯದು ಕ್ಯೂ ಪದ. ಇತ್ತ ಅಪ್ಪಟ ಕೆ ಪದಗಳಾದ ನೈಫ್, ನಾಕ್, ನೋನ್ ನಮ್ಮ ತಲೆಯಲ್ಲಿ 'ನ' ಅಕ್ಷರದ ಸಾಲಿನಲ್ಲಿ ಕೂತಿರುತ್ತವೆ. ಕನ್ನಡದಲ್ಲಿ ಹೇಳಿದಂತೆ ಬರೆಯುತ್ತೇವಾದ್ದರಿಂದ ಪದ ಹುಡುಕುವಾಗಲೂ ಕಿವಿಯನ್ನೇ ನಂಬುತ್ತೇವೆ. ಈ ಹುಡುಕಾಟದಲ್ಲಿ ಕಿವಿಯನ್ನು ಬದಿಗಿಟ್ಟು ಕಾಗುಣಿತವನ್ನೇ ಹಿಡಿಯಬೇಕು.

ಲೆಕ್ಕಕ್ಕೆ ಬಳಸುವ ಚೌಕಳಿ ನೋಟ್‌ಬುಕ್ ಇದಕ್ಕೆ ಬಹಳ ಅನುಕೂಲ. ಒಂದು ಸಾಲಿನಲ್ಲಿ ಐದು ಚೌಕ ಗುರುತಿಸಿ, ಮೊದಲನೆಯದರಲ್ಲಿ ಕೆ ಬರೆಯಿರಿ. ಬಾಯಲ್ಲಿ ಎಣಿಸಲು ಹೋಗಬೇಡಿ. ನೈಫ್ ಕನ್ನಡದಲ್ಲಿ ಎರಡೇ ಅಕ್ಷರ, ಚೌಕದಲ್ಲಿ ಕೆ-ಎನ್-ಐ-ಎಫ್-ಇ ಎಂದು ಐದೂ ಮನೆ ತುಂಬುತ್ತದೆ. ಕಿಂಗ್ ನಾಲ್ಕಕ್ಕೇ ನಿಲ್ಲುತ್ತದೆ. ಕೆಟಲ್, ಕಿಡ್ನಿ, ಕುದುರೆ ಸವಾರ ವೀರನ ನೈಟ್ ಇವೆಲ್ಲ ಆರಕ್ಷರದವು, ಚೌಕದಿಂದ ಹೊರಗೆ ಚಾಚುತ್ತವೆ.

ಮುಂದಿನ ಕೆಲಸ ಎರಡನೇ ಚೌಕದ್ದು. ಅಲ್ಲಿ ಇಪ್ಪತ್ತಾರು ಅಕ್ಷರಗಳನ್ನೂ ಪ್ರಯತ್ನಿಸಬೇಕಾಗಿಲ್ಲ. ಎ, ಇ, ಎಚ್, ಐ, ಎನ್, ಓ, ಆರ್, ಯು ಇಷ್ಟು ಸಾಕು. ಇದರ ಹಿಂದೆ ಹಳೆಯ ಬರವಣಿಗೆಯ ಪದ್ಧತಿಯಿದೆ. ಪ್ರಾಚೀನ ಇಂಗ್ಲಿಷ್‌ನಲ್ಲಿ 'ಕ್' ಧ್ವನಿಯನ್ನು ಹೆಚ್ಚಾಗಿ ಸಿ ಇಂದಲೇ ಬರೆಯುತ್ತಿದ್ದರು, ನೈಫ್ ಕೂಡ ಆಗ ಸಿ ಪದವೇ. ಫ್ರಾನ್ಸ್ ಕಡೆಯಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಕಾಲದ ನಂತರ ಇ, ಐ, ಎನ್ ಮುಂದೆ ಕೆ ಬರೆಯುವ ರೂಢಿ ಬಂತು. ಎ, ಓ, ಯು, ಎಲ್, ಆರ್ ಮುಂದೆ ಸಿ ಉಳಿಯಿತು. ಹಾಗಾಗಿ ಎರಡನೇ ಅಕ್ಷರ ಎ, ಓ, ಯು, ಆರ್ ಆಗಿರುವ ಕೆ ಪದ ಬಹುತೇಕ ಹೊರಗಿನಿಂದ ಬಂದದ್ದು.

ಇದನ್ನು ತಿಳಿದರೆ ಹುಡುಕಾಟ ಸಲೀಸು. ಎ ಚೌಕಕ್ಕೆ ನಮ್ಮ ಕರ್ಮವೇ ಇದೆ, ಕೆ-ಎ-ಆರ್-ಎಂ-ಎ. ಉತ್ತರ ಧ್ರುವದ ಸಮೀಪದ ಇನ್ಯೂಟ್ ಜನರ ದೋಣಿ ಕಯಾಕ್, ಕೆ-ಎ-ವೈ-ಎ-ಕೆ, ಕೂಡ ಅಲ್ಲಿಯದೇ. ಓ ಚೌಕಕ್ಕೆ ಆಸ್ಟ್ರೇಲಿಯಾದ ಕೋಆಲಾ, ಆರ್ ಚೌಕಕ್ಕೆ ನಾರ್ವೆ ಭಾಷೆಯ ಕ್ರಿಲ್ (ಸಿಗಡಿಯಂಥ ಸಣ್ಣ ಕಡಲಜೀವಿ), ಯು ಚೌಕಕ್ಕೆ ಗ್ರೀಕಿನ ಕ್ಯುಡೋಸ್ (ಮೆಚ್ಚುಗೆ). ಎಚ್ ಚೌಕಕ್ಕೆ ಖಾಕಿ: ಕೆ-ಎಚ್-ಎ-ಕೆ-ಐ, ಪಾರಸಿಯ ಖಾಕ್, ಅಂದರೆ ಧೂಳು, ಅದರ ಬಣ್ಣ. ಇ ಮತ್ತು ಐ ಚೌಕಗಳಲ್ಲಿ ಎರಡೂ ಬಗೆಯವು ಬೆರೆತಿವೆ: ಕಿಂಗ್ಸ್, ಕೀಪ್ಸ್ ಇಂಗ್ಲಿಷಿನವು, ಕಬಾಬ್ (ಕೆ-ಇ-ಬಿ-ಎ-ಬಿ) ಮತ್ತು ಕಿಯೋಸ್ಕ್ ಹೊರಗಿನಿಂದ ಬಂದವು. ಚಿನ್ನದಂಗಡಿಯ 22 ಕ್ಯಾರೆಟ್‌ಗೆ ಅಮೆರಿಕದವರು ಕೆ-ಎ-ಆರ್-ಎ-ಟಿ ಎಂದು ಬರೆಯುತ್ತಾರೆ, ಬ್ರಿಟಿಷರು ಸಿ ಹಾಕುತ್ತಾರೆ. ತರಕಾರಿಯ ಕ್ಯಾರೆಟ್ ಆರಕ್ಷರ, ಅದು ಲೆಕ್ಕಕ್ಕಿಲ್ಲ.

ದಿನಬಳಕೆಯ ಪದಗಳಲ್ಲಿ ಎಲ್ಲಕ್ಕಿಂತ ದೊಡ್ಡ ರಾಶಿ ಇರುವುದು ಎನ್ ಚೌಕದಲ್ಲಿ. ಇಲ್ಲಿಯ ಕೆ ಈಗ ಮೂಕ, ಹಿಂದೆ ಬಾಯಲ್ಲೂ ಇತ್ತು. ಮೊಣಕಾಲಿಗೆ ಜರ್ಮನ್ನರು ಇವತ್ತಿಗೂ 'ಕ್ನೀ' ಎನ್ನುತ್ತಾರೆ. ಇಂಗ್ಲಿಷ್‌ನಲ್ಲಿ ಧ್ವನಿ ಹೋಯಿತು, ಬರಹ ಉಳಿಯಿತು. ಕಲಿಯುವಾಗ ನೀವೂ ಮನಸ್ಸಿನಲ್ಲೇ 'ಕ್ನೈಫ್', 'ಕ್ನಾಕ್' ಎಂದು ಉಚ್ಚರಿಸಿ ಬರೆಯಿರಿ, ಕೆ ಬಿಟ್ಟುಹೋಗುವುದಿಲ್ಲ. ಹಿಟ್ಟು ನಾದುವ ನೀಡ್ ಎಂದರೆ ಕೆ-ಎನ್-ಇ-ಎ-ಡಿ. ಬೇಕು ಎನ್ನುವ ನೀಡ್‌ಗೂ ಅದಕ್ಕೂ ಕೇಳಲು ವ್ಯತ್ಯಾಸವೇ ಇಲ್ಲ. ಮಕ್ಕಳು ಹೆಚ್ಚು ತಪ್ಪುವುದು ಇಲ್ಲೇ, ಆದ್ದರಿಂದ ಈ ಜೋಡಿಯನ್ನು ಒಂದೊಂದು ವಾಕ್ಯದಲ್ಲಿಟ್ಟು ಬರೆಸುವುದು ಒಳ್ಳೆಯದು.

2021ರಲ್ಲಿ ಜನರ ಕೈಗೆ ಬಂದು, 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡ ವರ್ಡಲ್ ಆಟದಲ್ಲಿ ಈ ರಾಶಿಯ ಬೆಲೆ ಗೊತ್ತಾಗುತ್ತದೆ. ಐದಕ್ಷರದ ಗುಟ್ಟಿನ ಪದವನ್ನು ಆರು ಊಹೆಗಳಲ್ಲಿ ಕಂಡುಹಿಡಿಯುವ ಆಟ ಅದು: ಊಹಿಸಿದ ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಹಸಿರು, ಪದದಲ್ಲಿದ್ದೂ ಬೇರೆ ಜಾಗದಲ್ಲಿದ್ದರೆ ಹಳದಿ, ಇಲ್ಲವೇ ಇಲ್ಲದಿದ್ದರೆ ಬೂದು. ಅದರ ಮೊದಲಿನ ಉತ್ತರಪಟ್ಟಿಯ ಸುಮಾರು 2,300 ಪದಗಳಲ್ಲಿ ಕೆ ಪದಗಳು 20, ಅವುಗಳಲ್ಲಿ ಸರಿಯಾಗಿ 10 ಕೆ-ಎನ್ ಪದಗಳು: ನ್ಯಾಕ್ (ಕೆ-ಎನ್-ಎ-ಸಿ-ಕೆ), ನೇವ್ (ಕೆ-ಎನ್-ಎ-ವಿ-ಇ), ನಾದುವ ನೀಡ್, ಮೊಣಕಾಲಿನಿಂದ ಗುದ್ದಿದ ಅರ್ಥದ ನೀಡ್ (ಕೆ-ಎನ್-ಇ-ಇ-ಡಿ), ನೀಲ್ (ಕೆ-ಎನ್-ಇ-ಇ-ಎಲ್), ನೆಲ್ಟ್ (ಕೆ-ಎನ್-ಇ-ಎಲ್-ಟಿ), ನೈಫ್, ನಾಕ್ (ಕೆ-ಎನ್-ಓ-ಸಿ-ಕೆ), ನೋಲ್ (ಕೆ-ಎನ್-ಓ-ಎಲ್-ಎಲ್), ನೋನ್ (ಕೆ-ಎನ್-ಓ-ಡಬ್ಲ್ಯು-ಎನ್). ಕೆ ಮತ್ತು ಎನ್ ಹಸಿರಾದವು ಎಂದಿಟ್ಟುಕೊಳ್ಳಿ. ಆಗ ನಾದುವ ನೀಡ್ ಹಾಕುವುದೇ ಜಾಣತನ. ಇ ಹಳದಿ, ಎ ಬೂದು ಆದರೆ ಉತ್ತರ ನೈಫ್. ಇ ಮತ್ತು ಎ ಎರಡೂ ಹಳದಿಯಾದರೆ ನೇವ್. ಎ ಮಾತ್ರ ಹಳದಿಯಾದರೆ ನ್ಯಾಕ್. ಇ ಮತ್ತು ಡಿ ಹಸಿರಾಗಿ ಎ ಬೂದಾದರೆ ಗುದ್ದಿದ ನೀಡ್, ಇ ಮಾತ್ರ ಹಸಿರಾದರೆ ನೀಲ್ ಅಥವಾ ನೆಲ್ಟ್. ಮೂರೂ ಬೂದಾದಾಗ ಉಳಿಯುವುದು ನಾಕ್, ನೋಲ್, ನೋನ್.

ಜನ ಸಿಕ್ಕಿಹಾಕಿಕೊಳ್ಳುವುದು ಈ ಮೂರರಲ್ಲಿ. ಒಂದೊಂದಾಗಿ ಹಾಕುತ್ತ ಹೋದರೆ ಎರಡು ಅವಕಾಶ ವ್ಯರ್ಥವಾಗಬಹುದು. ಬದಲಿಗೆ ಕ್ಲೌನ್ ಹಾಕಿ, ಸಿ-ಎಲ್-ಓ-ಡಬ್ಲ್ಯು-ಎನ್. ಸಿ ಹಳದಿಯಾದರೆ ನಾಕ್, ಎಲ್ ಹಳದಿಯಾದರೆ ನೋಲ್, ಡಬ್ಲ್ಯು ಹಸಿರಾದರೆ ನೋನ್. ಹಾರ್ಡ್ ಮೋಡ್‌ನಲ್ಲಿ ಇದು ನಡೆಯುವುದಿಲ್ಲ, ಸಿಕ್ಕ ಹಸಿರು ಅಕ್ಷರಗಳನ್ನು ಅಲ್ಲಿ ಬಿಡುವಂತಿಲ್ಲ. ಕಿಂಗ್ಸ್, ನೀಸ್‌ನಂಥ ಎಸ್ ಹಚ್ಚಿದ ಬಹುವಚನಗಳನ್ನು ಆಟ ಊಹೆಯಾಗಿ ಒಪ್ಪುತ್ತದೆ, ಉತ್ತರವಾಗಿ ಇಡುವುದು ಅಪರೂಪ.

ಎರಡು ಕೆ ಇರುವ ಪದಗಳನ್ನು ಬೇರೆ ಪುಟದಲ್ಲಿ ಬರೆದಿಡಿ: ಕಯಾಕ್, ಖಾಕಿ, ಕಿಯೋಸ್ಕ್, ನ್ಯಾಕ್, ನಾಕ್. ವರ್ಡಲ್‌ನಲ್ಲಿ ಇನ್ನೂ ಒಂದು ಕೆ ಇರಬಹುದೆಂಬ ಯೋಚನೆಯೇ ಬಾರದೆ ಆಟ ಕೈತಪ್ಪುತ್ತದೆ. ಅಕ್ಷರದ ಬಿಲ್ಲೆಗಳಿಂದ ಪದ ಕಟ್ಟುವ ಸ್ಕ್ರ್ಯಾಬಲ್‌ನಲ್ಲಿ ತೊಂದರೆ ಬೇರೆ. ಇಂಗ್ಲಿಷ್ ಸೆಟ್ಟಿನಲ್ಲಿ ಕೆ ಬಿಲ್ಲೆ ಒಂದೇ, ಬೆಲೆ 5 ಅಂಕ. ಎರಡನೇ ಕೆ ಬೇಕಾದರೆ ಸೊನ್ನೆ ಅಂಕದ ಖಾಲಿ ಬಿಲ್ಲೆ ಖರ್ಚಾಗುತ್ತದೆ. ಹಾಗೆ ಕಯಾಕ್ ಕಟ್ಟಿದರೆ ಮನೆಗಳ ಬೋನಸ್ ಬಿಟ್ಟು 11 ಅಂಕ. ಖಾಲಿ ಬಿಲ್ಲೆ ಮುಟ್ಟದೆ ನೈಫ್ ಇಟ್ಟರೆ 12.