ಹಳೇ ಸ್ಪೋರ್ಟ್ಸ್ ಕಾರಿಗೆ ಯಾವ ಪೆಟ್ರೋಲ್? ಮೊದಲು ಪೈಪ್ ನೋಡಿ

ಪುಣೆಯಿಂದ ಸಾತಾರಾ ಕಡೆ ಹೋಗುವಾಗ ಖಂಬಾಟ್ಕಿ ಘಾಟ್ ಸಿಗುತ್ತದಲ್ಲ, ಅಲ್ಲಿ ಟಾಪ್ ಗೇರಿನಲ್ಲಿ ಏರುವಾಗ ನನ್ನ ಎಂಜಿಬಿ, ಅಂದರೆ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಕಿಟಕಿಟ ಅನ್ನುತ್ತಿತ್ತು. ಇದೇ ನಾಕಿಂಗ್, ಸಿಲಿಂಡರಿನಲ್ಲಿ ಪೆಟ್ರೋಲ್ ತಾನಾಗೇ ಹೊತ್ತಿಕೊಳ್ಳುವ ಸದ್ದು. 100 ಆಕ್ಟೇನ್ ಪೆಟ್ರೋಲ್ ಹಾಕಿಸಿದೆ (ಆಕ್ಟೇನ್ ಅಂದರೆ ನಾಕಿಂಗ್ ತಡೆಯುವ ಶಕ್ತಿಯ ಅಳತೆ), ಸದ್ದು ನಿಂತಿತು. ಗ್ಯಾರೇಜಿನ ಕಾಕಾ, ಬಾಗಲಕೋಟೆಯವರು, ಬಾನೆಟ್ ಎತ್ತಿ ಬೈದರು: "ಪೈಪ್ ನೋಡಿರೇನ್ರೀ?" ಪೆಟ್ರೋಲ್ ಹರಿಯುವ ರಬ್ಬರ್ ಪೈಪ್ ಬೆರಳಿಗೆ ಜಿಗುಟಾಗಿ ಅಂಟುತ್ತಿತ್ತು.

ಈಗ ಬಂಕಿನ ಸಾದಾ ಪೆಟ್ರೋಲ್ ಅಂದರೆ ಇ20, ಶೇ 20 ಎಥನಾಲ್. ಹಳೇ ರಬ್ಬರ್ ಅದಕ್ಕೆ ಮೆತ್ತಗಾಗುತ್ತದೆ, ಬಿರಿಯುತ್ತದೆ. ಎಂಜಿಬಿಯಲ್ಲಿ ಕಾರ್ಬುರೇಟರಿನ ಕೆಳಗೇ ಎಕ್ಸಾಸ್ಟ್ ಇದೆ, ಅಲ್ಲಿ ತೊಟ್ಟಿಕ್ಕಿದರೆ ಬೆಂಕಿ. ಹಾಗಾಗಿ ಎಥನಾಲ್ ತಡೆಯುವ ಪೈಪ್ ಕೇಳಿ ಹಾಕಿಸಿ.

ಎಥನಾಲ್ ಎಷ್ಟಿದೆ ಅಂತ ನೋಡಬೇಕಾ? ಅಳತೆ ಗುರುತಿರುವ ಗಾಜಿನ ನಳಿಗೆಗೆ 10 ಮಿಲಿ ನೀರು, 90 ಮಿಲಿ ಪೆಟ್ರೋಲ್ ಹಾಕಿ, ಮುಚ್ಚಿ ಅಲ್ಲಾಡಿಸಿ, ಹತ್ತು ನಿಮಿಷ ಬಿಡಿ. ಕೆಳಗಿನ ಪದರ 10ರಲ್ಲೇ ನಿಂತರೆ ಎಥನಾಲ್ ಇಲ್ಲ, 25ರ ಆಸುಪಾಸಿಗೆ ಏರಿದರೆ ಇ20. ಅಂಗಳದಲ್ಲಿ ಮಾಡಿ, ಅಡುಗೆಮನೆಯಲ್ಲಿ ಬೇಡ.

ಆಮೇಲೆ ಆಕ್ಟೇನ್. ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಮಿಶ್ರಣವನ್ನು ಒತ್ತಿ ಕುಗ್ಗಿಸುವ ಪ್ರಮಾಣ, ಜಾಸ್ತಿ ಇದ್ದಷ್ಟೂ ಆಕ್ಟೇನ್ ಜಾಸ್ತಿ ಬೇಕು. ಎಂಜಿಬಿಯದು 8.8ಕ್ಕೆ 1. ಇ20 ಸುಮಾರು 95 ಆಕ್ಟೇನ್, ಕಾರು ಹುಟ್ಟಿದ ಕಾಲದ ಬ್ರಿಟನ್ನಿನ ಫೋರ್ ಸ್ಟಾರ್ ಪೆಟ್ರೋಲ್ 97. ಇಷ್ಟು ವ್ಯತ್ಯಾಸಕ್ಕೆ ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು) ಒಂದೆರಡು ಡಿಗ್ರಿ ತಡವಾಗಿಸಿದರೆ ಸಾಮಾನ್ಯವಾಗಿ ಸಾಕು. ಬೇಕಾದ್ದಕ್ಕಿಂತ ಜಾಸ್ತಿ ಆಕ್ಟೇನ್ ಹಾಕಿದರೆ ಶಕ್ತಿ ಬರಲ್ಲ, ಸುಮ್ನೆ ದುಡ್ಡು ಹೋಗುತ್ತದೆ.

ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಗಾಳಿ-ಪೆಟ್ರೋಲ್ ಮಿಶ್ರಣ ತೆಳುವಾಗಿ (ಪೆಟ್ರೋಲ್ ಪಾಲು ಕಮ್ಮಿಯಾದಂತಾಗಿ) ಎಂಜಿನ್ ಬಿಸಿಯಾಗುತ್ತದೆ. ಎಸ್‌ಯು ಕಂಪನಿಯ ಕಾರ್ಬುರೇಟರ್ ಆಗಿದ್ದು ಕೆಳಗೆ ಜೆಟ್ ನಟ್ ಇದ್ದರೆ, ಅದನ್ನು ಒಂದೊಂದೇ ಮುಖದಷ್ಟು ಕೆಳಕ್ಕೆ ಇಳಿಸಿ ಪೆಟ್ರೋಲ್ ಪಾಲು ಹೆಚ್ಚಿಸಿ, ಎರಡೂ ಕಾರ್ಬುರೇಟರಿಗೆ ಒಂದೇ ಲೆಕ್ಕ.

ಸೀಸದ ಕತೆ ಚಿಕ್ಕದು. 2000ದ ಫೆಬ್ರುವರಿಯಿಂದ ದೇಶದಲ್ಲಿ ಸೀಸದ ಪೆಟ್ರೋಲ್ ಇಲ್ಲ. ಆ ಸೀಸವೇ ಎಕ್ಸಾಸ್ಟ್ ವಾಲ್ವ್ ಸೀಟನ್ನು (ವಾಲ್ವ್ ಬಂದು ಕೂರುವ ಜಾಗ) ಸವೆಯದಂತೆ ಕಾಯುತ್ತಿತ್ತು. ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಸಂದು) ಪದೇ ಪದೇ ಕಡಿಮೆಯಾಗುತ್ತಿದೆ ಅಂದರೆ ಸೀಟ್ ಸವೆಯುತ್ತಿದೆ. ಹೆಡ್ ಬಿಚ್ಚಿದಾಗ ಗಟ್ಟಿ ಸೀಟ್ ಕೂರಿಸಿಬಿಡಿ.

ಮಳೆಗಾಲದಲ್ಲಿ ಕಾರು ನಿಲ್ಲಿಸುವವರು ಟ್ಯಾಂಕ್ ಖಾಲಿ ಮಾಡುವುದೇ ಒಳ್ಳೆಯದು. ಎಥನಾಲ್ ತೇವ ಹೀರುತ್ತದೆ, ಜಾಸ್ತಿಯಾದರೆ ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಮಳೆ ಮುಗಿದ ಮೇಲೆ ಹೊಸ ಪೆಟ್ರೋಲ್ ಹಾಕಿ, ಕೀ ತಿರುಗಿಸಿ, ಕಿವಿಗೊಡಿ. ಕಾರಿನ ಹಿಂಭಾಗದಲ್ಲಿರುವ ಪೆಟ್ರೋಲ್ ಪಂಪ್ ಟಿಕ್ ಟಿಕ್ ಅಂದು ಸ್ವಲ್ಪ ಹೊತ್ತಿಗೆ ಸುಮ್ಮನಾಗಬೇಕು. ಟಿಕ್ ಅನ್ನುತ್ತಲೇ ಇದ್ದರೆ ಎಲ್ಲೋ ಸೋರುತ್ತಿರಬಹುದು, ಸ್ಟಾರ್ಟ್ ಮಾಡದೆ ಕೆಳಗೆ ಬಗ್ಗಿ ನೋಡಿ.