ಗ್ಲೌಸ್ ಹರಿಯುವ ಮೊದಲೇ ಕೆಟ್ಟಿರುತ್ತದೆ

ಕಟ್ಟಡಗಳ ಕ್ಲೀನಿಂಗ್, ಮೇಂಟೆನೆನ್ಸ್ ಕೆಲಸಕ್ಕೆ ನಾನು ಸ್ಟೋರಿನಲ್ಲಿ ಎರಡು ಬಣ್ಣದ ಗ್ಲೌಸ್ ಇಡುತ್ತೇನೆ. ಹಳದಿಯದು ಸಹಜ ರಬ್ಬರು. ಟಾಯ್ಲೆಟ್, ಬೇಸಿನ್, ಸೋಪು, ಬ್ಲೀಚಿಂಗ್ ನೀರಿಗೆ ಅದು. ಹಸಿರಿನದು ನೈಟ್ರೈಲ್ ಅನ್ನುವ ಕೃತಕ ರಬ್ಬರು, ಜನರೇಟರಿನ ಡೀಸೆಲ್, ಗ್ರೀಸ್, ಅಡುಗೆಮನೆ ಚಿಮಣಿಯ ಜಿಡ್ಡಿಗೆ. ಎರಡೂ ಅದಲುಬದಲಾಗಬಾರದು.

ಯಾಕೆ ಅಂತ ಬಾಯಲ್ಲಿ ಹೇಳಿದರೆ ಹೊಸ ಹುಡುಗರ ತಲೆಗೆ ಹೋಗುವುದಿಲ್ಲ, ತೋರಿಸಬೇಕು. ಹಳೆಯ ಹಳದಿ ಗ್ಲೌಸಿನಿಂದ ಬೆರಳಗಲದ ಪಟ್ಟಿ ಕತ್ತರಿಸಿ, ಅದರ ಮೇಲೆ 5 ಸೆಂ.ಮೀ. ಅಂತರದಲ್ಲಿ ಎರಡು ಗುರುತು ಹಾಕಿ, ಗಾಜಿನ ಬಾಟಲಿಯಲ್ಲಿ ಡೀಸೆಲ್ ಹಾಕಿ ಮುಳುಗಿಸಿಡುತ್ತೇನೆ. ಬೆಳಿಗ್ಗೆ ನೋಡಿದರೆ ಪಟ್ಟಿ ಉಬ್ಬಿರುತ್ತದೆ, ಗುರುತುಗಳು ದೂರ ಸರಿದಿರುತ್ತವೆ, ಎಳೆದರೆ ಸಲೀಸಾಗಿ ಕಿತ್ತುಬರುತ್ತದೆ. ಪಕ್ಕದ ಬಾಟಲಿಯ ನೈಟ್ರೈಲ್ ಪಟ್ಟಿ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಹಾಗಂತ ನೈಟ್ರೈಲ್ ಎಲ್ಲಕ್ಕೂ ತಡೆಯುವುದಿಲ್ಲ. ಅಸಿಟೋನ್ ಇರುವ ಥಿನ್ನರ್‌ನಲ್ಲಿ ಅದೂ ಬೇಗ ಮೆತ್ತಗಾಗುತ್ತದೆ, ತೂತು ಬೀಳದೆಯೇ ದ್ರವ ಒಳಗೆ ಇಳಿಯುತ್ತದೆ. ಡಬ್ಬಿಯಲ್ಲಿ ಬರುವ 0.1 ಮಿ.ಮೀ. ತೆಳು ಗ್ಲೌಸಂತೂ ಸಿಡಿದ ಹನಿಗೆ ಮಾತ್ರ. ಥಿನ್ನರ್ ಬಿದ್ದ ತಕ್ಷಣ ಕಳಚಿ ಎಸೆಯಬೇಕು.

ಕೊಳ್ಳುವಾಗ ಅಳತೆ ನೋಡಿ. ಹೆಬ್ಬೆರಳು ಬಿಟ್ಟು ಅಂಗೈ ಸುತ್ತಳತೆ ಎಷ್ಟು ಇಂಚೋ ಸುಮಾರಾಗಿ ಅದೇ ಸೈಜು. ದೊಡ್ಡದಾದರೆ ಬೆರಳ ತುದಿ ಮಡಚಿಕೊಂಡು ಬ್ರಷ್ ಜಾರುತ್ತದೆ. ಚಿಕ್ಕದಾದರೆ ಹೆಬ್ಬೆರಳು, ತೋರುಬೆರಳಿನ ಸಂದಿಯಲ್ಲೇ ಮೊದಲು ಸೀಳುತ್ತದೆ. ಉದ್ದ 12 ಇಂಚಿಗೆ ಕಡಿಮೆ ಬೇಡ.

ಬ್ಲೀಚಿಂಗ್ ಪೌಡರ್ ನಾನು ಲೀಟರಿಗೆ 30 ಗ್ರಾಂ ಹಾಕುತ್ತೇನೆ. ಪೌಡರಿನಲ್ಲಿ ಕ್ಲೋರಿನ್ 33 ಪರ್ಸೆಂಟ್ ಇದ್ದರೆ ಸುಮಾರು 1 ಪರ್ಸೆಂಟ್ ಕ್ಲೋರಿನ್ ನೀರು ಸಿಗುತ್ತದೆ. ಗೋಡೆಯ ಮೇಲ್ಭಾಗ ಉಜ್ಜುವಾಗ ಇದು ಮೊಣಕೈ ಕಡೆಗೆ ಹರಿದು ಗ್ಲೌಸಿನೊಳಗೆ ಇಳಿಯುತ್ತದೆ. ಅದಕ್ಕೆ ಗ್ಲೌಸಿನ ಬಾಯನ್ನು ಎರಡು ಇಂಚು ಹೊರಕ್ಕೆ ಮಡಚಿ ತೊಟ್ಟಿಯ ಹಾಗೆ ಮಾಡಿಕೊಳ್ಳಬೇಕು. ಒಳಗೆ ಹೋದ ನೀರು ಬೆವರಿನ ಜೊತೆ ಗಂಟೆಗಟ್ಟಲೆ ಚರ್ಮಕ್ಕೆ ಅಂಟಿ ಕೂತರೆ ಬರಿಗೈಗಿಂತ ಕೆಡುಕು. ಒದ್ದೆ ಅನ್ನಿಸಿದ ಕೂಡಲೇ ಕಳಚಿ ಕೈ ತೊಳೆಯಿರಿ. ಆಸಿಡ್ ಹಾಕಿದ ಕಮೋಡಿಗೆ ಬ್ಲೀಚಿಂಗ್ ಸುರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ಅಲ್ಲಿ ಯಾವ ಗ್ಲೌಸೂ ಕಾಯುವುದಿಲ್ಲ.

ವಾರಕ್ಕೊಮ್ಮೆ ಪರೀಕ್ಷೆ. ಬಾಯಿ ಸುತ್ತಿ ಗಾಳಿ ಹಿಡಿದು, ಬೆರಳುಗಳನ್ನು ಬಕೆಟ್ ನೀರಿನಲ್ಲಿ ಅದುಮಿದರೆ ತೂತಿದ್ದ ಕಡೆ ಗುಳ್ಳೆ ಏಳುತ್ತದೆ. ತೂತಿಗೆ ಸೈಕಲ್ ಪಂಕ್ಚರ್ ಸೊಲ್ಯೂಷನ್ ಹಚ್ಚುವವರೂ ಇದ್ದಾರೆ. ನಾನು ಎಸೆಯುತ್ತೇನೆ.

ಕೆಲಸ ಮುಗಿದ ಮೇಲೆ ಗ್ಲೌಸ್ ಕೈಯಲ್ಲಿದ್ದಾಗಲೇ ಸೋಪು ಹಚ್ಚಿ ತೊಳೆದು, ಆಮೇಲೆ ಕಳಚಿ, ಬೆರಳು ಮೇಲೆ ಬಾಯಿ ಕೆಳಗೆ ಮಾಡಿ ನೆರಳಿನಲ್ಲಿ ತೂಗುಹಾಕಬೇಕು. ಪಂಪ್‌ರೂಮಿನ ಮೋಟರ್ ಪಕ್ಕ ಬೇಡ, ಕಿಡಿಯಿಂದ ಹುಟ್ಟುವ ಓಜೋನ್ ರಬ್ಬರನ್ನು ಬಿರುಕು ಬಿಡಿಸುತ್ತದೆ. ತಾಮ್ರವೂ ಸಹಜ ರಬ್ಬರಿಗೆ ಆಗದು. ಅಡಿಕೆ ತೋಟದವರು ಮೈಲುತುತ್ತ (ತಾಮ್ರದ ಸಲ್ಫೇಟ್) ಕಲಸಿದ ಗ್ಲೌಸನ್ನು ತೊಳೆಯದೆ ಬಿಟ್ಟರೆ ಮುಂದಿನ ಸಲಕ್ಕೆ ಅಂಟಂಟಾಗುವುದು ಇದರಿಂದಲೇ.

ಈ ಗ್ಲೌಸ್ ಹಾಕಿಕೊಂಡು ಪ್ಯಾನೆಲ್ ಬೋರ್ಡ್ ಮುಟ್ಟುವ ಧೈರ್ಯ ಬೇಡ. ಕರೆಂಟಿನದು ಬೇರೆಯೇ ಇದೆ, 1000 ವೋಲ್ಟಿನವರೆಗೆ ಕ್ಲಾಸ್ 0 ಅನ್ನುವ ದರ್ಜೆಯದು, ಅದರ ಮೇಲೆ ಚರ್ಮದ ಹೊದಿಕೆ ಹಾಕಬೇಕು. ಡ್ರಿಲ್ಲಿಂಗ್ ಮಷಿನ್ ಹತ್ತಿರವಂತೂ ಯಾವ ಗ್ಲೌಸೂ ಬೇಡ, ಬಿಟ್‌ಗೆ ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ.

ಬಲಗೈಯದೇ ಮೊದಲು ಹರಿಯುತ್ತದೆ, ಎಡಗೈಯದು ಸ್ಟೋರಿನಲ್ಲಿ ರಾಶಿ ಬೀಳುತ್ತದೆ. ಒಳಗೆ ಹತ್ತಿಯ ನವಿರು ಇಲ್ಲದ ಗ್ಲೌಸಾದರೆ ಎಡಗೈಯದನ್ನು ಚೆನ್ನಾಗಿ ತೊಳೆದು ಒಣಗಿಸಿ ಒಳಹೊರಗು ಮಾಡಿದರೆ ಬಲಗೈಗೆ ಕೂರುತ್ತದೆ. ನೆಲ ಒರೆಸುವುದಕ್ಕೆ ಮಾತ್ರ ಅದನ್ನು ಕೊಡುತ್ತೇನೆ, ಆಸಿಡ್ ಕೆಲಸಕ್ಕಲ್ಲ.