ಮೋಟರ್ ಹೋಯಿತು ಎನ್ನುವ ಮೊದಲು

"ಫೋಕಸೇ ಸಿಗ್ತಾ ಇಲ್ಲ ಮಾರಾಯ್ರೆ, ಮೋಟರ್ ಹೋಯ್ತು ಕಾಣ್ತದೆ." ಯಕ್ಷಗಾನದ ಫೋಟೋ ತೆಗೆಯುವ ಹುಡುಗರು ಆಟದ ಮಧ್ಯೆ ಓಡಿ ಬಂದು ಹೀಗೆ ಹೇಳುತ್ತಾರೆ. ಹೆಚ್ಚಿನ ಸಲ ಲೆನ್ಸ್ ಒಳಗಿನ ಫೋಕಸ್ ಮೋಟರ್ ಹೋಗಿರುವುದಿಲ್ಲ.

ನನಗೂ ಹೀಗೇ ಆಗಿತ್ತು. ವೇಷ ಕಟ್ಟುವ ಚೌಕಿಯಲ್ಲಿ ಬಣ್ಣದ ವೇಷದವರು ಮುಖಕ್ಕೆ ಚುಟ್ಟಿ ಇಡುತ್ತಿದ್ದರು. ನಾನು ಒಂದೂವರೆ ಮೀಟರ್ ದೂರದಲ್ಲಿ, ಕೈಯಲ್ಲಿ 70–200 ಮಿ.ಮೀ. ಜೂಮ್ ಲೆನ್ಸ್. ಅದು ಹಿಂದೆ ಮುಂದೆ ಓಡುತ್ತದೆ, ನಿಲ್ಲುವುದಿಲ್ಲ. ಮರುದಿನ ರಿಪೇರಿ ಅಂಗಡಿಯಲ್ಲಿ ಮೋಟರ್ ಬದಲಿಸಬೇಕು ಎಂದರು. ಒಪ್ಪುವ ಮೊದಲು ಲೆನ್ಸ್ ತಿರುಗಿಸಿ ನೋಡಿದೆ: ಪಕ್ಕದ ಫೋಕಸ್ ಲಿಮಿಟರ್ ಸ್ವಿಚ್ 2.5 ಮೀಟರ್‌ಗೆ ಜಾರಿತ್ತು. ಅಲ್ಲಿಟ್ಟರೆ ಅದಕ್ಕಿಂತ ಹತ್ತಿರದ್ದನ್ನು ಲೆನ್ಸ್ ಹುಡುಕುವುದೇ ಇಲ್ಲ. ಬ್ಯಾಗಿನಿಂದ ತೆಗೆಯುವಾಗ ಬೆರಳು ತಾಗಿದರೂ ಸಾಕು.

ಹಾಗಾಗಿ ಮೊದಲು ಸ್ವಿಚ್ ನೋಡಿ. ಎಎಫ್–ಎಂಎಫ್ (ಆಟೋಫೋಕಸ್–ಕೈ ಫೋಕಸ್) ಸ್ವಿಚ್ ಲೆನ್ಸ್‌ನಲ್ಲಿರುತ್ತದೆ, ಕೆಲವು ಕ್ಯಾಮೆರಾಗಳಲ್ಲಿ ಬಾಡಿಯ ಮೇಲೂ ಇರುತ್ತದೆ. ಶಟರ್ ಅರ್ಧ ಒತ್ತಿದಾಗ ಏನೂ ಅಲುಗದಿದ್ದರೆ, ಫೋಕಸ್ ಕೆಲಸವನ್ನು ಯಾರೋ ಹಿಂದಿನ ಎಎಫ್-ಆನ್ ಬಟನ್‌ಗೆ ಕೊಟ್ಟಿರಬಹುದು.

ಆಮೇಲೆ ಹಗಲು ಬೆಳಕಿನಲ್ಲಿ ಗೋಡೆಯ ಕ್ಯಾಲೆಂಡರ್‌ನ ದಪ್ಪ ಅಂಕಿಯ ಮೇಲೆ ನಡುವಿನ ಫೋಕಸ್ ಪಾಯಿಂಟ್ ಇಟ್ಟು ಶಟರ್ ಅರ್ಧ ಒತ್ತಿ. ಅಲ್ಲಿ ಸಲೀಸಾಗಿ ಹಿಡಿದರೆ ಯಂತ್ರ ಸರಿಯಿದೆ. ಹಿಡಿಯದಿದ್ದರೆ ಕ್ಯಾಮೆರಾ ಆಫ್ ಮಾಡಿ, ಲೆನ್ಸ್ ಬಿಚ್ಚಿ, ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳನ್ನು ನೂಲು ಬಿಡದ ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಇದು ಆಗಾಗ ಬೇಕು. ಬೇರೆ ಲೆನ್ಸ್ ಹಾಕಿ ನೋಡಿದರೆ ದೋಷ ಲೆನ್ಸಿನದೋ ಬಾಡಿಯದೋ ತಿಳಿಯುತ್ತದೆ.

ರಂಗಸ್ಥಳದ ಕಷ್ಟ ಬೇರೆಯೇ. ಆಟೋಫೋಕಸ್‌ಗೆ ಅಂಚು ಬೇಕು, ಕಪ್ಪಿಗೂ ಬಿಳುಪಿಗೂ ನಡುವಿನ ಗೆರೆ ಬೇಕು. ವೇಷದ ಅಂಗಿಯಾದ ಕಪ್ಪು ದಗಲೆಯ ಮೇಲೋ ಹಿಂದಿನ ಬರಿ ಪರದೆಯ ಮೇಲೋ ಪಾಯಿಂಟ್ ಇಟ್ಟರೆ ಅದು ಹುಡುಕುತ್ತಲೇ ಇರುತ್ತದೆ. ತಲೆಗೆ ಕಟ್ಟುವ ಕೇದಗೆ ಮುಂದಲೆಯ ಜರಿಯ ಅಂಚಿಗೆ, ಇಲ್ಲವೇ ಕಾಡಿಗೆ ತೀಡಿದ ಕಣ್ಣಿನ ಅಂಚಿಗೆ ಇಡಿ. ಎಲ್ಲ ಪಾಯಿಂಟ್‌ಗಳನ್ನೂ ಕ್ಯಾಮೆರಾಕ್ಕೇ ಬಿಟ್ಟರೆ ಅದು ಹತ್ತಿರದ ಯಾವುದೋ ಮೈಕ್ ಹಿಡಿದುಕೊಂಡೀತು. ಒಂದೇ ಪಾಯಿಂಟ್ ಆರಿಸಿ. ಒಳಗೆ ಕನ್ನಡಿಯಿರುವ ಎಷ್ಟೋ ಡಿಎಸ್‌ಎಲ್‌ಆರ್‌ಗಳಲ್ಲಿ ನಡುವಿನದೇ ಕ್ರಾಸ್ ಪಾಯಿಂಟ್. ಅಡ್ಡಗೆರೆ, ಉದ್ದಗೆರೆ ಎರಡನ್ನೂ ಗುರುತಿಸುತ್ತದೆ. ಮಂದ ಬೆಳಕಿನಲ್ಲಿ ನಾನು ಅದನ್ನು ಬಿಟ್ಟು ಬೇರೆಯದನ್ನು ನಂಬುವುದಿಲ್ಲ. ಲೆನ್ಸ್‌ಗೆ ಸೇರಿಸಿ ದೂರದ್ದನ್ನು ದೊಡ್ಡದು ಮಾಡುವ 2x ಟೆಲಿಕನ್ವರ್ಟರ್ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ (ಕಾಲು ಭಾಗವಷ್ಟೇ ಉಳಿಯುತ್ತದೆ), ರಾತ್ರಿ ಆಟಕ್ಕೆ ಬೇಡ.

ವೇಷ ಗಿರಗಿರ ಸುತ್ತಿ ಹಾರುವ ಧೀಂಗಿಣ ಶುರುವಾದರೆ ಸಿಂಗಲ್ ಫೋಕಸ್ ಸಾಲದು. ಚಲಿಸುವುದನ್ನು ಬೆನ್ನಟ್ಟುವ ಎಎಫ್-ಸಿ, ಕ್ಯಾನನ್ ಡಿಎಸ್‌ಎಲ್‌ಆರ್ ಆದರೆ ಎಐ ಸರ್ವೋ ಬೇಕು. ಆದರೂ ವೇಷ ಮಸುಕಾದರೆ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಪಕ್ಕದ ಕಂಬ ಚೊಕ್ಕವಾಗಿದ್ದು ವೇಷ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಅದು ಫೋಕಸ್ ತಪ್ಪಲ್ಲ, ಶಟರ್ ನಿಧಾನವಾಯಿತು. 1/500 ಸೆಕೆಂಡಿಗೆ ಏರಿಸಿ, ಐಎಸ್‌ಒ (ಬೆಳಕಿನ ಸೂಕ್ಷ್ಮತೆ) ಹೆಚ್ಚಿಸಿ. ಕಾಳು ಕಾಳಾದ ಚಿತ್ರ ಪರವಾಗಿಲ್ಲ, ಅಲುಗಿದ್ದನ್ನು ಮಾತ್ರ ಸರಿಮಾಡಲಾಗದು.

ಡಿಎಸ್‌ಎಲ್‌ಆರ್‌ನಲ್ಲಿ ಪ್ರತಿ ಸಲವೂ ಫೋಕಸ್ ಸ್ವಲ್ಪ ಹಿಂದಕ್ಕೇ ಬೀಳುತ್ತಿದ್ದರೆ ಟ್ರೈಪಾಡ್ ಮೇಲಿಟ್ಟು ಅದೇ ಕ್ಯಾಲೆಂಡರ್ ತೆಗೆಯಿರಿ: ವ್ಯೂಫೈಂಡರ್‌ನಲ್ಲಿ ಒಂದು, ಹಿಂದಿನ ಪರದೆ ನೋಡಿ ತೆಗೆಯುವ ಲೈವ್ ವ್ಯೂನಲ್ಲಿ ಒಂದು. ಲೈವ್ ವ್ಯೂನದು ಮಾತ್ರ ಚೊಕ್ಕವಾಗಿದ್ದರೆ ಮೆನುವಿನಲ್ಲಿ ಎಎಫ್ ಫೈನ್ ಟ್ಯೂನ್ ಇದ್ದರೆ ಅದರಿಂದ ತಿದ್ದಬಹುದು.

ಹಗಲಲ್ಲೂ ಹಿಡಿಯದೆ, ಲೆನ್ಸ್ ಒಳಗಿಂದ ಕರಕರ ಸದ್ದು ಬಂದರೆ ಅಂಗಡಿಗೆ ಹೋಗಿ. ಬಾಡಿ, ಲೆನ್ಸ್ ಎರಡನ್ನೂ, ಕ್ಯಾಲೆಂಡರ್ ಫೋಟೋಗಳಿರುವ ಕಾರ್ಡನ್ನೂ ಒಯ್ಯಿರಿ.